ಹಕ್ಕಿ ನೋಡುವುದು ಕಾಲಹರಣವೇ?

ಹಕ್ಕಿಗಳನ್ನು ನೋಡುತ್ತಾ ಗಂಟೆಗಟ್ಟಲೆ ನಿಲ್ಲುವುದು ಒಳ್ಳೆಯ ಅಭ್ಯಾಸವೋ, ಬರೀ ಕಾಲಹರಣವೋ? ಮಕ್ಕಳಿಗೆ ಈ ಹುಚ್ಚು ಹಿಡಿದಾಗ ಹಲವು ತಂದೆಯರು ಕೇಳುವ ಪ್ರಶ್ನೆ ಇದು. "ನೋಡಿದರೆ ಏನು ಸಿಗುತ್ತೆ ಮೌಲಾನಾ?" ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಸಮಯವು ಅಮಾನತ್ತು. ಅದಕ್ಕೆ ಲೆಕ್ಕ ಕೊಡಬೇಕಾದ ದಿನವೊಂದಿದೆ ಎಂದು ನಂಬಿದವರು ಹೀಗೆ ಕೇಳಲೇಬೇಕು.

ಆದರೆ ಪವಿತ್ರ ಕುರ್‌ಆನಿನಲ್ಲಿ ಆಕ್ಷೇಪ ಬಂದಿರುವುದು ನೋಡಿದವರ ಮೇಲಲ್ಲ, ನೋಡದವರ ಮೇಲೆ. ತಲೆಯ ಮೇಲೆ ರೆಕ್ಕೆ ಬಿಚ್ಚಿ, ರೆಕ್ಕೆ ಮಡಚಿ ಹಾರುವ ಹಕ್ಕಿಗಳನ್ನು ಇವರು ನೋಡುವುದಿಲ್ಲವೇ ಎಂಬ ಅರ್ಥದ ಪ್ರಶ್ನೆ 'ಅಲ್ ಮುಲ್ಕ್' ಅಧ್ಯಾಯದಲ್ಲಿದೆ. ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಆಶಯ 'ಅಲ್ ಅನ್‌ಆಮ್' ಅಧ್ಯಾಯದಲ್ಲಿದೆ. ಇಲ್ಲಿ 'ಸಮುದಾಯ' ಎಂಬ ಮಾತನ್ನು ಗಮನಿಸಬೇಕು. ಅವು ಮನೆಯ ಅಲಂಕಾರವಲ್ಲ, ಆಟಿಕೆಯಲ್ಲ. ಅವುಗಳಿಗೂ ಮನೆ, ಮಕ್ಕಳು, ಪ್ರಯಾಣ, ಅನ್ನ, ಆತಂಕ ಎಲ್ಲವೂ ಉಂಟು.

ಇದನ್ನು ಅರಿಯಲು ಕಾಡಿಗೆ ಹೋಗಬೇಕಾಗಿಲ್ಲ. ಕೋಗಿಲು ಎಂಬ ಹೆಸರು ಕೇಳಿದರೆ ಸಾಕು, ಕೋಗಿಲೆ ನೆನಪಾಗುತ್ತದೆ. ಮನೆಯ ಹಿಂದಿನ ಮರದಲ್ಲಿ ಕೂಗುವ ಕಪ್ಪು ಹಕ್ಕಿ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವುದು ಹೆಣ್ಣು. ಅವುಗಳ ಮರಿಯನ್ನು ಸಾಕುವುದು ಕಾಗೆ. ಇಷ್ಟನ್ನು ಕಣ್ಣಾರೆ ಕಂಡ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಇಲ್ಲಿಂದ ದೂರವಿಲ್ಲದ ಜಕ್ಕೂರು ಕೆರೆಗೆ, ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ಜೌಗನ್ನು ಹಾದು ಬಂದು ಸೇರುತ್ತದೆ. ನಾವು ಹೊಲಸು ಮಾಡಿ ಬಿಟ್ಟ ಆ ನೀರೇ ತಿಳಿಯಾಗಿ ಹೆಜ್ಜಾರ್ಲೆಗೆ, ನೀರುಕಾಗೆಗೆ, ಬೆಳ್ಳಕ್ಕಿಗೆ ಅನ್ನವಾಗಿದೆ. ಮೀನಿಗಾಗಿ ಮುಳುಗೆದ್ದ ಹಾವಕ್ಕಿ ಒಣಕೊಂಬೆಯ ಮೇಲೆ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತದೆ. ಅದರ ಗರಿ ನೀರನ್ನು ಹೀರುವಂಥದ್ದು. ಒದ್ದೆಯಾದ ಗರಿಯಿಂದ ಮೈ ಭಾರವಾಗಿ ಅದು ಸಲೀಸಾಗಿ ಮುಳುಗುತ್ತದೆ. ಕೊರತೆಯೆಂದು ನಾವು ತಿಳಿಯುವುದೇ ಅದರ ಜೀವನೋಪಾಯ. ನಿಂತು ನೋಡಿದವನಿಗೆ ಸಿಗುವುದು ಇಂಥ ತಿಳಿವಳಿಕೆ.

ಇನ್ನು ನಮ್ಮ ಮನೆಗಳ ಕಡೆ ತಿರುಗೋಣ. ಹಕ್ಕಿಯ ಮೇಲೆ ನಮಗೆ ಪ್ರೀತಿ ಇಲ್ಲವೆಂದಲ್ಲ. ಎಷ್ಟೋ ಮನೆಗಳ ವರಾಂಡದಲ್ಲಿ ಗಿಳಿಯ ಪಂಜರ ತೂಗುತ್ತದೆ. ಅದಕ್ಕೆ ಮಿಟ್ಠು ಎಂದು ಹೆಸರಿಟ್ಟು, ಮಾತು ಕಲಿಸಿ, ಹಸಿಮೆಣಸಿನಕಾಯಿ ತಿನ್ನಿಸುತ್ತೇವೆ. ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಹಕ್ಕಿಯೊಂದನ್ನು ಇಟ್ಟುಕೊಂಡಿದ್ದನಲ್ಲ, ಪ್ರವಾದಿ(ಸ)ರು ಅದರ ಬಗ್ಗೆ ಆತನನ್ನು ಅಕ್ಕರೆಯಿಂದ ವಿಚಾರಿಸಿದ್ದರಲ್ಲ ಎಂದು ಕೆಲವರು ಕೇಳುತ್ತಾರೆ. ನಿಜ. ಅದನ್ನೇ ಆಧಾರವಾಗಿಟ್ಟು, ಹಿಂಸೆ ಕೊಡದೆ ಅನ್ನ ನೀರು ಕೊಟ್ಟು ಸಾಕಲು ಅನೇಕ ವಿದ್ವಾಂಸರು ಅನುಮತಿ ನೀಡಿದ್ದಾರೆ. ಆದರೆ ಇನ್ನೊಂದು ಹದೀಸ್ ಕೂಡ ಇದೆ. ಪ್ರಯಾಣದಲ್ಲಿದ್ದ ಸಹಾಬಿಗಳು ಗೂಡಿನಿಂದ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಅದರ ಸಂಕಟವನ್ನು ಕಂಡ ಪ್ರವಾದಿ(ಸ)ರು ಮರಿಗಳನ್ನು ಹಿಂದಕ್ಕೆ ಕೊಡುವಂತೆ ಆಜ್ಞಾಪಿಸಿದರು. ಪಂಜರದ ಗಿಳಿಗೂ ಒಬ್ಬ ತಾಯಿ ಇದ್ದಳು. ಅವಳು ಸುತ್ತಿದ್ದನ್ನು ನಾವು ನೋಡಲಿಲ್ಲ, ಅಷ್ಟೇ. ಬಲೆಯಿಂದ ಅಂಗಡಿಗೆ ಬರುವಷ್ಟರಲ್ಲಿ ಬಾಯಾರಿಕೆಯಿಂದ, ಇಕ್ಕಟ್ಟಿನಿಂದ, ಭಯದಿಂದ ಅನೇಕ ಹಕ್ಕಿಗಳು ಸಾಯುತ್ತವೆ. ಮೇಲಾಗಿ ನಮ್ಮ ದೇಶದ ಗಿಳಿ, ಮುನಿಯಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಇದಕ್ಕಿಂತ ಸೂಕ್ಷ್ಮವಾದುದು ಸದಕದ ವಿಷಯ. ರೋಗ, ಕಷ್ಟ ಬಂದಾಗ ಪಂಜರದ ಹಕ್ಕಿಗಳನ್ನು ಹಣ ಕೊಟ್ಟು ಬಿಡಿಸಿ ಹಾರಿಬಿಡುವ ವಾಡಿಕೆ ಕೆಲವು ಊರುಗಳಲ್ಲಿದೆ. ಬಿಡಿಸುವವರ ಮನಸ್ಸು ಒಳ್ಳೆಯದೇ. ಆದರೆ ಕೊಳ್ಳುವವರಿದ್ದಾರೆ ಎಂದೇ ಹಿಡಿಯುವವನು ಬಲೆ ಬೀಸುತ್ತಾನೆ. ಹತ್ತು ಹಕ್ಕಿಗೆ ನಾವು ಕೊಟ್ಟ ಹಣ ಮುಂದಿನ ಇಪ್ಪತ್ತು ಹಕ್ಕಿಗಳ ಸೆರೆಗೆ ಬಂಡವಾಳವಾಗುತ್ತದೆ. ಹಕ್ಕಿಗಾಗಿ ಸದಕ ಮಾಡುವ ಮನಸ್ಸಿದ್ದರೆ ಒಂದು ಗಿಡ ನೆಡೋಣ. ನೆಟ್ಟ ಗಿಡದಿಂದ ಹಕ್ಕಿ ತಿಂದರೂ ನೆಟ್ಟವನಿಗೆ ಅದು ದಾನವಾಗುತ್ತದೆ ಎಂಬುದು ಪ್ರವಾದಿ(ಸ)ರ ಬೋಧನೆ.

ಹಿಡಿಯುವ ಕೈಯಿಂದ ಅರಿಯುವ ಕಣ್ಣಿನ ಕಡೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ ಎಂಬುದಕ್ಕೆ ಸಲೀಂ ಅಲಿ ಅವರ ಬದುಕು ಉತ್ತಮ ಉದಾಹರಣೆ. 1896ರಲ್ಲಿ ಮುಂಬಯಿಯ ಬೋಹ್ರಾ ಮುಸ್ಲಿಂ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಏರ್‌ಗನ್‌ನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದನ್ನು ತಿನ್ನಬಹುದೇ ಎಂಬುದು ಹುಡುಗನ ಸಂಶಯ. ಮಾವ ಅಮೀರುದ್ದೀನ್ ತಯ್ಯಬ್‌ಜಿಯವರಿಗೆ ಅದು ಯಾವ ಗುಬ್ಬಿಯೆಂದು ತಿಳಿಯದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಅವರ ಬಳಿಗೆ ಕಳುಹಿಸಿದರು. 'ತಿನ್ನಬಹುದೇ?' ಎಂದು ಹೊರಟ ಪ್ರಶ್ನೆ 'ಇದು ಯಾವುದು?' ಎಂಬುದಾಗಿ ಬೆಳೆದು ಒಂದು ಇಡೀ ಜೀವನವನ್ನು ತುಂಬಿತು. ಅಂದಿನ ವಿಜ್ಞಾನದ ಪದ್ಧತಿಯಂತೆ ಅವರು ಮುಂದೆಯೂ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆದದ್ದುಂಟು. ಆದರೆ ಅವರ ಅರಿವು ರಕ್ಷಣೆಯಾಯಿತು. 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರು ಮೈಸೂರು ಮಹಾರಾಜರಿಗೆ ಕೊಟ್ಟ ಸಲಹೆಯಿಂದ.

ಹಾಗೆಂದು ದುರ್ಬೀನು ಹಿಡಿದವರೆಲ್ಲ ನಿರ್ದೋಷಿಗಳಲ್ಲ. ಒಳ್ಳೆಯ ಫೋಟೋ ಬೇಕೆಂದು ಗೂಡಿನ ಹತ್ತಿರ ನುಗ್ಗುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಮರುಳು ಮಾಡಿ ಕರೆಯುವುದು, ನೋಡಿದ ಹಕ್ಕಿಗಳ ಪಟ್ಟಿ ಹಿಡಿದು ಜಂಬ ಪಡುವುದು—ಇವೂ ಕಸಿದುಕೊಳ್ಳುವುದರ ಬೇರೆ ರೂಪಗಳೇ. ಗೂಡಿನಿಂದ ತಾಯಿ ಹೆದರಿ ಎದ್ದರೆ ಮೊಟ್ಟೆ ಬಿಸಿಲಿಗೆ ಕೆಡುತ್ತದೆ, ಇಲ್ಲವೇ ಕಾಗೆಗೆ ತುತ್ತಾಗುತ್ತದೆ. ನೆರೆಮನೆಗೆ ಅನುಮತಿಯಿಲ್ಲದೆ ನುಗ್ಗಬಾರದೆಂಬ ಅದಬು ನಮಗೆ ಕಲಿಸಲ್ಪಟ್ಟಿದೆ. ಆ ಅದಬು ಗೂಡಿಗೂ ಸಲ್ಲಬೇಕು.

ನೋಡುವುದರಿಂದ ಇನ್ನೊಂದು ಹೊಣೆಯೂ ಬರುತ್ತದೆ. ಕಂಡವನು ಮಾತ್ರ ಸಾಕ್ಷಿ ಹೇಳಬಲ್ಲ. ಕೆರೆಗೆ ಕಟ್ಟಡದ ಅವಶೇಷ ಸುರಿಯುವಾಗ 'ಇದು ಪಾಳು ನೀರು' ಎನ್ನುವವರೇ ಹೆಚ್ಚು. ಅಲ್ಲಿ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಚಳಿಗಾಲಕ್ಕೆ ಯಾವುದು ಬಂದು ತಂಗುತ್ತದೆ ಎಂದು ಬಲ್ಲವನು ಮಾತ್ರ ಎದ್ದು 'ಇಲ್ಲಿ ಒಂದು ಸಮುದಾಯ ವಾಸವಾಗಿದೆ' ಎನ್ನಬಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಹಕ್ಕಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆಫ್ರಿಕದ ಕೀನ್ಯಾದಲ್ಲಿ ನೈರೋಬಿ ನಗರದ ಪಕ್ಕದಲ್ಲೇ 117 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವೊಂದು 1946ರಿಂದ ಇದೆ. ಊರಿನ ಕಡೆಗೆ ಬೇಲಿ, ದಕ್ಷಿಣಕ್ಕೆ ಬಯಲು. ಮಹಾನಗರಗಳೂ ಹಕ್ಕಿಗೆ ಜಾಗ ಬಿಡಬಲ್ಲವು, ಬಿಡಬೇಕೆಂದು ಹೇಳುವವರಿದ್ದರೆ.

ಹಾಗಾದರೆ ತಂದೆಯರ ಪ್ರಶ್ನೆಗೆ ಉತ್ತರವೇನು? ನಮಾಝ್, ಓದು, ಮನೆಗೆಲಸವನ್ನು ಮರೆಸಿದರೆ ಯಾವ ಹವ್ಯಾಸವೂ ಕಾಲಹರಣವೇ. ಅವುಗಳಿಗೆ ಕೊರತೆಯಾಗದಂತೆ ವಾರಕ್ಕೊಂದು ಗಂಟೆ ಹಕ್ಕಿ ನೋಡುವ ಮಗು ಕಲಿಯುವುದು ಬಹು ದೊಡ್ಡ ಪಾಠ: ಚೆಲುವಾದುದನ್ನು ಕಂಡಾಗ ಕೈ ಚಾಚದೆ ಇರುವುದು. ಇದನ್ನು ಎಳವೆಯಲ್ಲೇ ಕಲಿತವನು ನಾಳೆ ನೆರೆಯವನ ಜಮೀನು ಕಂಡಾಗ, ಅನಾಥನ ಸ್ವತ್ತು ಕಂಡಾಗ ಕೈ ಹಿಡಿತದಲ್ಲಿಟ್ಟುಕೊಳ್ಳುವನೆಂದು ಆಶಿಸಬಹುದು. ಹಕ್ಕಿ ನಮ್ಮದಲ್ಲ. ಅದರ ಒಡೆಯನು ಅದನ್ನು ನೋಡಲು ಕರೆದಿದ್ದಾನೆ. ಕರೆದವನ ಮನೆಯಿಂದ ವಸ್ತು ಎತ್ತಿಕೊಂಡು ಬರುವುದು ಅತಿಥಿಯ ಲಕ್ಷಣವಲ್ಲ.