ಒಂದಕ್ಷರದ ಮೇಲೆ ಬದುಕನ್ನು ತೂಗದಿರಲಿ

ದೇವರೇ, ತಾಯಿಯ ಗರ್ಭದಲ್ಲೇ ನಮ್ಮ ನರಕೋಶಗಳನ್ನು ಬೆಳೆಸತೊಡಗಿ, ಮುಪ್ಪಿನವರೆಗೂ ಅವುಗಳ ಕೈಬಿಡದ ಒಂದು ಪುಟ್ಟ ಪ್ರೋಟೀನಿಗಾಗಿ ನಿನಗೆ ಮೊದಲ ನಮಸ್ಕಾರ. ಬಲ್ಲವರು ಅದನ್ನು ಬಿಡಿಎನ್‌ಎಫ್ ಎನ್ನುತ್ತಾರೆ. ನರಕೋಶ ಬದುಕಿ ಉಳಿಯಲು, ಹೊಸ ಕವಲು ಚಾಚಲು, ನೆರೆಯ ಕೋಶದ ಜೊತೆ ನಂಟು ಬಿಗಿ ಮಾಡಿಕೊಳ್ಳಲು ಅದು ಬೇಕು. ಇಂದು ಕಲಿತದ್ದು ನಾಳೆ ನೆನಪಿಗೆ ಬರುವುದರಲ್ಲೂ ಅದರ ಪಾಲಿದೆ.

ಅದನ್ನು ಹುಡುಕಿದವರ ತಾಳ್ಮೆಗೂ ನಮಸ್ಕಾರ. 1982ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಈವ್ ಅಲೇನ್ ಬಾರ್ಡ್, ಹಾನ್ಸ್ ಥೋನೆನ್ ಮತ್ತು ಸಂಗಡಿಗರು ಒಂದೂವರೆ ಕಿಲೋ ಹಂದಿ ಮೆದುಳನ್ನು ಅರೆದು, ಸೋಸಿ, ಮತ್ತೆ ಮತ್ತೆ ಶುದ್ಧಿ ಮಾಡಿದರು. ಕೊನೆಗೆ ದಕ್ಕಿದ್ದು ಸುಮಾರು ಒಂದು ಮೈಕ್ರೋಗ್ರಾಂ, ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಅಂಥ ಶ್ರದ್ಧೆ ಈಗಿನ ಪ್ರಯೋಗಾಲಯಗಳಲ್ಲೂ ಬತ್ತದಿರಲಿ.

ಈ ಪ್ರೋಟೀನಿನ ಜೀನು 11ನೇ ಕ್ರೋಮೋಸೋಮಿನಲ್ಲಿದೆ. ಅಲ್ಲಿ ಒಂದಕ್ಷರ ಬದಲಾದರೆ 66ನೇ ಜಾಗದಲ್ಲಿ ವ್ಯಾಲೀನ್ ಬದಲು ಮೆಥಿಯೊನೀನ್ ಬಂದು ಕೂರುತ್ತದೆ. ಪ್ರೋಟೀನು ಪಕ್ವವಾಗುವಾಗ ಆ ಭಾಗ ಕತ್ತರಿಸಿ ಹೋಗುವುದರಿಂದ ಕೊನೆಗೆ ಉಳಿಯುವ ಪ್ರೋಟೀನು ಎಲ್ಲರಲ್ಲೂ ಒಂದೇ. ಆದರೆ ಬದಲಾದ ರೂಪ ಹೊತ್ತವರಲ್ಲಿ, ನರಕೋಶ ಚುರುಕಾದಾಗ ಅದು ಹೊರಬರುವ ಪ್ರಮಾಣ ತಗ್ಗುತ್ತದೆ. 2003ರಲ್ಲಿ ಅಮೆರಿಕದ ಮೈಕೆಲ್ ಈಗನ್, ಡೇನಿಯಲ್ ವೈನ್‌ಬರ್ಗರ್ ಅವರ ತಂಡ, ಈ ರೂಪ ಹೊತ್ತವರಲ್ಲಿ ಘಟನೆಗಳ ನೆನಪು ತುಸು ಕಡಿಮೆ ಎಂದು ತೋರಿಸಿತು. ಆಮೇಲೆ ಅಲ್ಜೈಮರ್, ಪಾರ್ಕಿನ್ಸನ್, ಖಿನ್ನತೆ ಎಲ್ಲದರ ಜೊತೆಗೂ ಇದನ್ನು ತಾಳೆ ಹಾಕಿದರು. ಒಂದು ಅಧ್ಯಯನ ಹೌದೆಂದರೆ ಇನ್ನೊಂದು ಅಲ್ಲವೆಂದಿತು. ಲೋಕದಲ್ಲಿ ಕೋಟಿಗಟ್ಟಲೆ ಜನ ಈ ರೂಪ ಹೊತ್ತು ಸುಖವಾಗಿಯೇ ಬಾಳುತ್ತಿದ್ದಾರೆ. ಹಾಗಾಗಿ ತಂದೆ, ಎಂಜಲಿನ ಒಂದು ಹನಿ ಪಡೆದು ಹಣೆಬರಹ ಹೇಳುವವರ ಮಾತಿಗೆ ಯಾವ ಮನೆಯೂ ಹೆದರದಿರಲಿ. ಯಾವ ಹುಡುಗಿಯ ಮದುವೆಯೂ, ಯಾವ ಹುಡುಗನ ಕೆಲಸವೂ ಆ ಒಂದಕ್ಷರಕ್ಕೆ ತಪ್ಪದಿರಲಿ.

ಹಂಟಿಂಗ್ಟನ್ ಕಾಯಿಲೆಯ ವಿಷಯ ಬೇರೆ. ಅಲ್ಲಿ ಜೀನು ನಿಷ್ಠುರ. 4ನೇ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ 40 ಸಲ ಅಥವಾ ಹೆಚ್ಚು ಮರುಕಳಿಸಿದರೆ, ಆಯಸ್ಸು ಗಟ್ಟಿಯಿದ್ದವರಿಗೆ ಕಾಯಿಲೆ ತಪ್ಪದು. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಇಳಿದು ಬರುವ ಸಾಧ್ಯತೆ ಅರ್ಧಕ್ಕರ್ಧ. ಚಲನೆಯನ್ನು ಹದದಲ್ಲಿಡುವ ಮೆದುಳಿನ ಭಾಗವಾದ ಸ್ಟ್ರಯೇಟಮ್ ತನಗೆ ಬೇಕಾದ ಬಿಡಿಎನ್‌ಎಫ್‌ಗೆ ಮೇಲಿನ ಕಾರ್ಟೆಕ್ಸನ್ನೇ ನೆಚ್ಚಿದೆ. ಕಾರ್ಟೆಕ್ಸಿನ ಕೋಶಗಳು ಅದನ್ನು ಅತಿ ಸೂಕ್ಷ್ಮ ಚೀಲಗಳಲ್ಲಿ ತುಂಬಿ, ನರತಂತುವಿನೊಳಗಿನ ಕೊಳವೆಗಳ ಗುಂಟ ಕಳಿಸುತ್ತವೆ. ಆ ಜೀನಿನಿಂದ ತಯಾರಾಗುವ ಹಂಟಿಂಗ್ಟಿನ್ ಪ್ರೋಟೀನು ಸರಿಯಿದ್ದಾಗ ಆ ಸಾಗಣೆಗೆ ಬಲ ಕೊಡುತ್ತದೆ. ಅದು ಕೆಟ್ಟರೆ ಚೀಲಗಳು ದಾರಿಯಲ್ಲೇ ತಡವರಿಸುತ್ತವೆ. ಬಿಡಿಎನ್‌ಎಫ್ ತಯಾರಿಕೆಯೇ ಕುಗ್ಗುತ್ತದೆಂದು ಇಟಲಿಯ ಎಲೆನಾ ಕತ್ತಾನೆಯೊ ಅವರ ತಂಡ 2001ರಲ್ಲಿ ತೋರಿಸಿತು. ಇತ್ತ ಮನೆಯಲ್ಲಿ ಅಂಗಿಯ ಗುಂಡಿ ಕಾಜಕ್ಕೆ ಸಿಗದು, ಚಮಚದ ಸಾರು ಬಾಯಿ ಮುಟ್ಟುವ ಮೊದಲೇ ಎದೆಯ ಮೇಲೆ ಚೆಲ್ಲುತ್ತದೆ. ತಂದೆಯ ಬಾಯಿ ಒರೆಸುವ ಮಗ ತನ್ನ ಬೆರಳುಗಳನ್ನೂ ಒಮ್ಮೆ ದಿಟ್ಟಿಸಿ ನೋಡುತ್ತಾನೆ. ಕರುಣಾಳುವೇ, ಆ ಮಗನ ಜೊತೆಗಿರು.

ಕೊರತೆಯಾದದ್ದನ್ನು ಹೊರಗಿನಿಂದ ತುಂಬೋಣವೆಂದರೆ ಅದೂ ಸುಲಭವಲ್ಲ. 1990ರ ದಶಕದಲ್ಲಿ, ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಎಎಲ್‌ಎಸ್ ಕಾಯಿಲೆಯ ಸಾವಿರಕ್ಕೂ ಹೆಚ್ಚು ಜನ ಬಿಡಿಎನ್‌ಎಫ್ ಪ್ರಯೋಗಕ್ಕೆ ಮೈಯೊಡ್ಡಿದರು. ಚರ್ಮದಡಿ ಚುಚ್ಚಿದ್ದು ಫಲ ಕೊಡಲಿಲ್ಲ. ರಕ್ತದಿಂದ ಮೆದುಳಿಗೆ ದಾಟದಂತೆ ಕಾಯುವ ತಡೆ ಅಷ್ಟು ಬಿಗಿ. ಅತಿಯಾದರೂ ಕೇಡೇ, ಪ್ರಾಣಿಗಳಲ್ಲಿ ಅದು ಮೂರ್ಛೆಯನ್ನು ಕೆರಳಿಸಿದ್ದುಂಟು. ತಮಗೆ ದಕ್ಕದ ಗುಣಕ್ಕಾಗಿ ತೋಳು ಚಾಚಿದ ಆ ರೋಗಿಗಳನ್ನು ನೆನೆದು ಕೈಮುಗಿಯುತ್ತೇನೆ. ಈಚೆಗೆ ಬಿಡಿಎನ್‌ಎಫ್ ಜೀನನ್ನೇ ಮೆದುಳಿಗೆ ತಲುಪಿಸುವ ಯತ್ನ ಅಲ್ಜೈಮರ್ ರೋಗಿಗಳಲ್ಲಿ ನಡೆದಿದೆ. ಅದು ಕೈಗೂಡಲಿ, ಕೈಗೂಡಿದ ಮೇಲೆ ಬಡವನ ಹಾಸಿಗೆಗೂ ಬರಲಿ.

ನಡಿಗೆಯೂ ಮೆದುಳಿಗೆ ನೆರವಾಗುವುದರಿಂದ, ಅಲ್ಲಿಯವರೆಗೆ ನಡೆಯಬಲ್ಲವರ ಕಾಲಿಗೆ ಕಸುವು ಕೊಡು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 120 ಹಿರಿಯರು ಭಾಗವಹಿಸಿದ್ದರು. ಅವರಲ್ಲಿ ವರ್ಷವಿಡೀ ಬಿರುಸಾಗಿ ನಡೆದವರ ಮೆದುಳಿನಲ್ಲಿ ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್ ಶೇ 2ರಷ್ಟು ಹಿಗ್ಗಿತ್ತು.

ಇನ್ನು ಓದುವವರಲ್ಲಿ ಒಂದು ಬೇಡಿಕೆ. ಮನೆತನದಲ್ಲಿ ಹಂಟಿಂಗ್ಟನ್‌ನಂಥ ಕಾಯಿಲೆಯಿದ್ದರೆ ಜೀನ್ ಪರೀಕ್ಷೆಗೆ ಮುನ್ನ ತಜ್ಞ ಸಮಾಲೋಚಕರನ್ನು ಕಾಣಿ. ಬೀದಿಯಲ್ಲಿ ತೂರಾಡುವವರನ್ನು ಕುಡುಕರೆಂದು ಬಗೆದು ದೂರ ಸರಿಯುವ ಮುನ್ನ, ಅದು ಕಾಯಿಲೆಯ ತೂರಾಟವೂ ಇರಬಹುದೆಂದು ನೆನೆದು ಹತ್ತಿರ ಹೋಗಿ ಒಮ್ಮೆ ಮಾತಾಡಿಸಿ.