ಬಸದಿಯ ಉದ್ಯಾನ ಮತ್ತು ಅಹಿಂಸೆ

ತೋಟಗಾರಿಕೆಯಲ್ಲಿ ಆಯುಷ್ಯ ಕಳೆದು ನಿವೃತ್ತನಾದ ಶ್ರಾವಕನು ಬಸದಿಯ ಅಂಗಳದಲ್ಲಿ ಉದ್ಯಾನ ರೂಪಿಸಹೊರಟರೆ ಅವನ ವಿದ್ಯೆಯೇ ಅವನಿಗೆ ಅಡ್ಡಬರುತ್ತದೆ. ಕರಿಬೇವಿನ ಎಲೆ ಮೇಯುವ ಹುಳುವನ್ನು ಪೀಡೆಯೆಂದು ಕೊಲ್ಲಲು ಕಲಿತ ಕೈ ಅದು. ಆ ಹುಳುವೇ ಮುಂದೆ ನಿಂಬೆಚಿಟ್ಟೆ. ಎಲೆಯೂ ಏಕೇಂದ್ರಿಯ ಜೀವವಾದ್ದರಿಂದ ಹಿಂಸೆಯಿಲ್ಲದ ತೋಟವೇ ಇಲ್ಲ, ನಿಜ. ಹೊಟ್ಟೆಪಾಡಿನ ಬೇಸಾಯದಲ್ಲಿ ಅದನ್ನು ಉದ್ಯೋಗಿ ಹಿಂಸೆಯೆನ್ನಬಹುದು. ಅಲಂಕಾರಕ್ಕಾಗಿ ವಿಷ ಸಿಂಪಡಿಸಿದರೆ ಅನರ್ಥದಂಡವಲ್ಲದೆ ಮತ್ತೇನು?

ಗಾಲಿಕುರ್ಚಿಯ ವೃದ್ಧರಿಗೆಂದು 12 ಅಡಿಗೆ 1 ಅಡಿಯಷ್ಟೇ ಏರುವ ಕಲ್ಲುಹಾದಿ ಹಾಸಿದರೆ ಮಣ್ಣಿನ ಜೀವಗಳು ಮುಚ್ಚಿಹೋಗವೇ ಎಂಬ ಆಕ್ಷೇಪವುಂಟು. ಆದರೆ ನಾಲ್ಕು ಮೊಳ ಮುಂದಿನ ನೆಲ ನೋಡಿ ನಡೆಯುವ ಈರ್ಯಾಸಮಿತಿಗೆ ಅಂಥ ಹಾದಿಯೇ ಅನುಕೂಲ: ಕಲ್ಲಿನ ಮೇಲೆ ಇರುವೆ ಕಾಣುತ್ತದೆ, ಹುಲ್ಲುಹಾಸಿನಲ್ಲಿ ಕಾಣದು. ಹಾದಿಯಾಚೆಯ ತರಗೆಲೆಯನ್ನು ಮಾತ್ರ, ಟ್ರಸ್ಟಿನವರಿಗೆ ಕಸವೆನಿಸಿದರೂ, ಗುಡಿಸದೆ ಬಿಡಬೇಕು. ಎರೆಹುಳು, ಹಾವುರಾಣಿಗಳ ಮನೆ ಅಲ್ಲಿದೆ.