ಬೇಡ ಎನ್ನಬಲ್ಲ ಕೈ

 

ಇವತ್ತಿನ ಚಿಂತನೆಗೆ ಒಂದು ಪ್ರಶ್ನೆ. ಕೈಗೆ ಮಸಿ ಹತ್ತುವ ಕೆಲಸದಿಂದ ಹೊರಗೆ ಬರಲು ನಮ್ಮ ಹಿಂದಿನ ತಲೆಮಾರು ಜೀವ ತೇಯ್ದಿದೆ. ಈಗಿನ ತಲೆಮಾರಿನ ಹುಡುಗನೊಬ್ಬ ತಾನಾಗಿಯೇ ಆ ಮಸಿಗೆ ಕೈ ಹಾಕಿದರೆ ಅದು ಹಿಂದಕ್ಕಿಟ್ಟ ಹೆಜ್ಜೆಯೋ, ಮುಂದಕ್ಕಿಟ್ಟ ಹೆಜ್ಜೆಯೋ?

ಈ ಪ್ರಶ್ನೆ ಬಂದದ್ದು ಒಂದು ಕಾರಿನ ವಿಷಯದಲ್ಲಿ. ನಮ್ಮ ಬಳಗದ ತಾಯಿಯೊಬ್ಬರ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ. ರಜೆ ಬಂತೆಂದರೆ ಪರಿಚಯದವರ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಪೈಪು ಕತ್ತರಿಸುತ್ತಾ ಕೂರುತ್ತಾನೆ. ತನ್ನ ಕೈಯಾರೆ ಒಂದು ಸ್ಪೋರ್ಟ್ಸ್ ಕಾರು ಕಟ್ಟಿ, ರೇಸ್ ಟ್ರ್ಯಾಕಿನಲ್ಲಿ ಒಂದು ದಿನವಾದರೂ ಓಡಿಸಬೇಕೆಂಬುದು ಅವನ ಆಸೆ. ತಾಯಿಗೆ ಇದು ನುಂಗಲಾರದ ತುತ್ತು. "ಸರ್, ಇವರಪ್ಪ ಮೂವತ್ತು ವರ್ಷ ಗ್ಯಾರೇಜಲ್ಲಿ ಗಾಡಿ ಕೆಳಗೆ ಮಲಗಿ ಕೆಲಸ ಮಾಡಿದ್ರು. ಮಗನ ಕೈಗೆ ಗ್ರೀಸ್ ಹತ್ತಬಾರದು ಅಂತಾನೇ ಓದಿಸಿದ್ವಿ. ಇವನು ನೋಡಿದ್ರೆ ಕೈಯಿಂದ ದುಡ್ಡು ಹಾಕಿ ಗ್ರೀಸ್ ಹಚ್ಕೊಂಡು ಬರ್ತಾನೆ. ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳುವ ಮೊದಲು ಆ ಕೆಲಸ ಎಂಥದ್ದೆಂದು ತಿಳಿಯಬೇಕಲ್ಲ. ಹುಡುಗನನ್ನು ಕೇಳಿದೆ, ಒಂದಿಷ್ಟು ಓದಿದೆ.

ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್‌ಮನ್ ಎಂಬ ತರುಣ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಆಧಾರವಾಗಿಟ್ಟುಕೊಂಡು ತನ್ನದೇ ಕಾರು ಕಟ್ಟಿದ. ಅವನು ಮುಂದೆ ಹುಟ್ಟುಹಾಕಿದ ಲೋಟಸ್ ಕಂಪನಿ 1957ರಲ್ಲಿ ಲೋಟಸ್ ಸೆವೆನ್ ಎಂಬ ಪುಟ್ಟ ಕಾರನ್ನು ತಂದಿತು. ಬೇಡದ್ದು ಏನೂ ಇಲ್ಲದ, ಸುಮಾರು 500 ಕೆಜಿ ತೂಗುವ ಕಾರು. ಆಗ ಬ್ರಿಟನ್ನಿನಲ್ಲಿ ಪೂರ್ತಿ ಜೋಡಿಸಿದ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಹಾಗಾಗಿ ಎಷ್ಟೋ ಜನ ಭಾಗಗಳನ್ನು ತಂದು ತಮ್ಮ ಮನೆಯ ಶೆಡ್ಡಿನಲ್ಲೇ ಕಾರು ಜೋಡಿಸಿಕೊಂಡರು.

1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬರೀ 250 ಪೌಂಡಿನಲ್ಲೂ ನಿಮ್ಮ ಸ್ಪೋರ್ಟ್ಸ್ ಕಾರನ್ನು ನೀವೇ ಕಟ್ಟಬಹುದು ಎಂದು ಒಂದು ಪುಸ್ತಕ ಬರೆದರು. ಗುಜರಿಗೆ ಹೋಗಬೇಕಾದ ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್ ತೆಗೆದುಕೊಳ್ಳುವುದು. ಒಂದು ಇಂಚಿನ ಚೌಕ ಉಕ್ಕಿನ ಪೈಪಿನಿಂದ ಚೌಕಟ್ಟು ಬೆಸೆದು ಅದರಲ್ಲಿ ಅವನ್ನು ಕೂರಿಸುವುದು. ಇಂಥ ಕಾರಿಗೆ ಲೋಕಾಸ್ಟ್ ಎಂದು ಹೆಸರು. ನಮ್ಮ ನೆರೆಯ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ಕೂರಿಸಿ ಒಬ್ಬರೇ ಕೂರುವ ರೇಸ್ ಕಾರು ರೂಪಿಸಿದ್ದೂ ಇದೇ ಬುದ್ಧಿಯಿಂದ. ಈಗ ಅಲ್ಲಿನ ಟ್ರ್ಯಾಕಿಗೆ ಅವರದೇ ಹೆಸರಿದೆ.

ಕಟ್ಟುವ ಕೆಲಸ ಸಲೀಸಲ್ಲ. ಸಮತಟ್ಟಾದ ಹಲಗೆಯ ಮೇಲೆ ಪೂರ್ತಿ ಅಳತೆಯ ಗೆರೆ ಎಳೆದು, ಪೈಪುಗಳನ್ನು ಅದರ ಮೇಲಿಟ್ಟು, ಮೊದಲು ಚುಕ್ಕಿಯಷ್ಟೇ ವೆಲ್ಡಿಂಗ್ ಮಾಡಬೇಕು. ಒಂದೇ ಕಡೆ ಒಂದೇ ಸಮನೆ ಬೆಸೆಯುತ್ತಾ ಹೋದರೆ ಬಿಸಿಗೆ ಇಡೀ ಚೌಕಟ್ಟು ಸೊಟ್ಟಗಾಗುತ್ತದೆ. ನಾಲ್ಕು ಕೋಲಿನ ಚೌಕವನ್ನು ಮೂಲೆ ಹಿಡಿದು ತಳ್ಳಿದರೆ ವಾಲುತ್ತದೆ. ಮೂರು ಕೋಲಿನ ತ್ರಿಕೋನ ವಾಲುವುದಿಲ್ಲ. ಆದ್ದರಿಂದ ಚೌಕದ ನಡುವೆ ಕರ್ಣದಂತೆ ಒಂದು ಪೈಪು ಹಾಯಿಸುತ್ತಾರೆ. ಎಂಟನೇ ಕ್ಲಾಸಿನ ರೇಖಾಗಣಿತ ಇಲ್ಲಿ ಜೀವ ಕಾಯುತ್ತದೆ. ಬ್ರೇಕಿನ ಪೈಪಿನಲ್ಲಿ ಗಾಳಿ ಗುಳ್ಳೆ ಉಳಿದರೆ ಪೆಡಲು ಒತ್ತಿದರೂ ಮೆತ್ತಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬಿಗಿ ಮಾಡಿದ ಬೋಲ್ಟಿನ ಮೇಲೆ ಬಣ್ಣದ ಒಂದು ಗೆರೆ ಎಳೆಯುತ್ತಾರೆ. ಗೆರೆ ತಪ್ಪಿದ್ದರೆ ಬೋಲ್ಟು ಸಡಿಲವಾಗಿದೆ ಎಂದರ್ಥ. ಧಮ್ಮದಲ್ಲಿ ನಾವು ಅಪ್ಪಮಾದ ಎನ್ನುವ ಎಚ್ಚರ ಆ ಗೆರೆಯಷ್ಟು ಸಣ್ಣದಾಗಿಯೂ ಇರುತ್ತದೆ.

ಇಷ್ಟೆಲ್ಲ ಮಾಡಿ ಅವರು ಹೋಗುವುದು ಟ್ರ್ಯಾಕ್ ಡೇಗೆ. ಅದು ರೇಸಲ್ಲ. ಅಲ್ಲಿ ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವಿಲ್ಲ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ನಿಯಮ ಹೇಳುತ್ತಾರೆ. ಬ್ರಿಟನ್ನಿನ ಟ್ರ್ಯಾಕ್ ಡೇಗಳಲ್ಲಿ ಸಾಮಾನ್ಯವಾಗಿ ಒಂದು ನಿಯಮವಿದೆ: ಮುಂದಿರುವ ಚಾಲಕ ದಾರಿ ಕೊಡದೆ ಹಿಂದಿನವರು ಓವರ್‌ಟೇಕ್ ಮಾಡುವಂತಿಲ್ಲ. ನಮ್ಮ ಹೈವೇಯಲ್ಲಿ ಹಾರ್ನ್ ಹೊಡೆಯುತ್ತಾ ನುಗ್ಗುವವರನ್ನು ನೋಡಿದ ನನಗೆ ಇದು ಬಹಳ ಹಿಡಿಸಿತು. ವೇಗ ಅಷ್ಟಿದ್ದರೂ ಇನ್ನೊಬ್ಬರ ಒಪ್ಪಿಗೆ ಬೇಕು.

ಇಂಥ ಕೆಲಸ ಮಾಡುವವರನ್ನು ಇಂಗ್ಲಿಷಿನಲ್ಲಿ ಅಮೆಚೂರ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಅದರ ಬೇರು ಪ್ರೀತಿಸು ಎಂಬ ಕ್ರಿಯಾಪದ. ಕನ್ನಡದಲ್ಲಿ ನಾವು ಹವ್ಯಾಸಿ ಎನ್ನುತ್ತೇವೆ. ಹವ್ಯಾಸಿ ನಾಟಕ ತಂಡದವರು ಹಗಲೆಲ್ಲ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ತಾಲೀಮಿಗೆ ಬರುವುದಿಲ್ಲವೇ, ಹಾಗೆ. ಅವರನ್ನು ಯಾರೂ ಎಳೆತಂದಿಲ್ಲ. ನಾಳೆ ಸಾಕೆನಿಸಿದರೆ ಬಿಡಬಹುದು.

ಇಲ್ಲಿಗೆ ಬಂದಾಗ ನನಗೆ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಮಾಡಿದ ವಾದ ನೆನಪಾಯಿತು. ಜಾತಿ ಕೆಲಸವನ್ನು ಮಾತ್ರ ಹಂಚಿಲ್ಲ, ಕೆಲಸಗಾರರನ್ನೇ ಒಡೆದಿಟ್ಟಿದೆ ಎಂಬುದನ್ನು ನಾವೆಲ್ಲ ಓದಿದ್ದೇವೆ. ಅದರ ಮುಂದಿನ ಮಾತಿಗೂ ಅಷ್ಟೇ ತೂಕವಿದೆ. ಆಯ್ಕೆಗೂ ಒಲವಿಗೂ ಜಾಗವಿಲ್ಲದೆ ಹುಟ್ಟಿನಿಂದಲೇ ಅಂಟಿಸಿದ ಕಸುಬಿನಲ್ಲಿ ಮನಸ್ಸೂ ಇರುವುದಿಲ್ಲ, ಬುದ್ಧಿಯೂ ಇರುವುದಿಲ್ಲ. ಇವೆರಡೂ ಇಲ್ಲದ ಕಡೆ ಕೆಲಸ ಚೆನ್ನಾಗಿ ಆಗುವುದಾದರೂ ಹೇಗೆ ಎಂದು ಅವರು ಕೇಳುತ್ತಾರೆ. ಸತ್ತ ದನ ಹೊರುವುದನ್ನು ಬಿಡಿ ಎಂದು ಅವರು ಕರೆ ಕೊಟ್ಟದ್ದು ಕೈಕೆಲಸ ಕೀಳೆಂದಲ್ಲ. ಬೇಡ ಎನ್ನಲಾಗದ ಕೆಲಸ ಅದು, ಅದಕ್ಕೆ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ. "ಅಮ್ಮಾ, ಇವರಪ್ಪ ಗಾಡಿ ಕೆಳಗೆ ಮಲಗಿದ್ದು ಮನೆಯ ಒಲೆ ಉರಿಯಲಿ ಅಂತ. ಬೇಡ ಅನ್ನೋ ಸ್ವಾತಂತ್ರ್ಯ ಅವರಿಗಿರಲಿಲ್ಲ. ಇವನಿಗೆ ಅದಿದೆ. ಆ ಸ್ವಾತಂತ್ರ್ಯವನ್ನ ನೀವಿಬ್ಬರೇ ದುಡಿದು ಕೊಟ್ಟಿದ್ದೀರಿ. ಗ್ರೀಸ್ ಅದೇ ಇರಬಹುದು, ಕೈ ಬೇರೆ." ಅವರು ಪೂರ್ತಿ ಒಪ್ಪಲಿಲ್ಲ. "ಸಂಬಳ ಎಲ್ಲಾ ಅದಕ್ಕೇ ಸುರಿಯದೇ ಇದ್ರೆ ಸಾಕು" ಎಂದರು. ಆ ಮಾತೂ ನ್ಯಾಯವಾದದ್ದೇ. ಮನೆಯವರ ಅನ್ನಕ್ಕೆ ಕೈ ಹಾಕುವ ಹವ್ಯಾಸ ತಣ್ಹೆಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಆದರೆ ಬಂಧುಗಳೇ, ಚಿಂತನೆ ಇಲ್ಲಿಗೇ ನಿಂತರೆ ನಮ್ಮ ಮನೆಯ ಮಕ್ಕಳ ಮಟ್ಟಿಗೆ ಸಮಾಧಾನ ಮಾಡಿಕೊಂಡಂತೆ. ರಾನ್ ಚಾಂಪಿಯನ್ ಮೇಷ್ಟ್ರಾಗಿದ್ದ ಔಂಡಲ್ ಶಾಲೆ ದುಬಾರಿ ಶುಲ್ಕದ ಖಾಸಗಿ ಶಾಲೆ. ಅಲ್ಲಿ 1892ರಿಂದ 1922ರವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಸ್ಯಾಂಡರ್ಸನ್ ಅವರು ಉಳ್ಳವರ ಮಕ್ಕಳ ಕೈಗೆ ಸುತ್ತಿಗೆ, ಅರ ಕೊಟ್ಟು ವರ್ಕ್‌ಶಾಪಿಗೆ ಇಳಿಸಿದರು. ಒಳ್ಳೆಯದೇ. ಆ ಮಕ್ಕಳಿಗೆ ಮಸಿ ಒಂದು ಪಾಠ. ನಮ್ಮ ಪೇಟೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ, ಶಾಲೆ ಬಿಟ್ಟ ಹುಡುಗನಿಗೆ ಅದೇ ಮಸಿ ಹಣೆಬರಹ ಎನಿಸಿಕೊಳ್ಳುತ್ತದೆ. ದುಡಿಮೆ ದೊಡ್ಡದು ಎಂದು ವೇದಿಕೆಯ ಮೇಲೆ ನಿಂತು ಹೇಳುವವರು ಈ ಎರಡು ಕೈಗಳ ನಡುವಿನ ಅಂತರವನ್ನು ಮೊದಲು ಹೇಳಬೇಕು.

ಇನ್ನೊಂದು ಅಂತರವೂ ಇದೆ. ತಾನೇ ಕಟ್ಟಿದ ಕಾರಿನಲ್ಲಿ ತಾನೇ ಕೂರುವವನು ಬೋಲ್ಟನ್ನು ಎರಡು ಸಲ ನೋಡುತ್ತಾನೆ. ಕಟ್ಟುವವರು ಒಬ್ಬರು, ಕೂರುವವರು ಇನ್ನೊಬ್ಬರಾದರೆ? ಅದೇ ಚಾಪ್‌ಮನ್‌ರ ಲೋಟಸ್ ತಂಡಕ್ಕೆ ಯೋಖೆನ್ ರಿಂಟ್ ಎಂಬ ಚಾಲಕ ಕಾರು ಓಡಿಸುತ್ತಿದ್ದರು. ಸ್ವಲ್ಪ ತೂಕ ಹೆಚ್ಚಿದರೂ ಚಿಂತೆಯಿಲ್ಲ, ದುರ್ಬಲ ಭಾಗಗಳನ್ನು ಗಟ್ಟಿ ಮಾಡಿ ಎಂಬ ಅರ್ಥದಲ್ಲಿ ಅವರು 1969ರಲ್ಲಿ ಚಾಪ್‌ಮನ್‌ಗೆ ಪತ್ರ ಬರೆದಿದ್ದರು. 1970ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಅವರ ಕಾರಿನ ಮುಂದಿನ ಬ್ರೇಕಿನ ಶಾಫ್ಟ್ ಮುರಿದು, ಕಾರು ಬದಿಯ ತಡೆಗೆ ಬಡಿದು ಅವರು ತೀರಿಕೊಂಡರು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಸತ್ತ ಮೇಲೆ ಅವರಿಗೆ ಬಂತು. ರಿಂಟ್ ಹೆಸರಾಂತ ಚಾಲಕ. ಆತಂಕವನ್ನು ಪತ್ರದಲ್ಲಿ ಬರೆಯಲು, ಬೇಡವೆನಿಸಿದರೆ ತಂಡ ಬಿಡಲು ಅವರಿಗೆ ದಾರಿ ಇತ್ತು.

ನಮ್ಮ ಬೀದಿಯ ಮ್ಯಾನ್‌ಹೋಲಿಗೆ ಇಳಿಯುವವನಿಗೆ ಯಾವ ದಾರಿ ಇದೆ? ಅದನ್ನು ನಿಷೇಧಿಸಿದ ಕಾಯ್ದೆ 2013ರಲ್ಲೇ ಬಂದಿದೆ. ಸಾವಿನ ಸುದ್ದಿ ಇಂದಿಗೂ ಬರುತ್ತಿದೆ. ಇಳಿಸುವವನು ಮೇಲೆ ನಿಂತಿರುತ್ತಾನೆ, ಇಳಿಯುವವನ ಉಸಿರು ಒಳಗೆ ಕಟ್ಟುತ್ತದೆ. ಇಳಿಸುವವನೇ ಇಳಿಯಬೇಕು ಎಂದಿದ್ದರೆ ಯಂತ್ರ ಎಂದೋ ಬಂದಿರುತ್ತಿತ್ತು.

ಆದ್ದರಿಂದ ಯಾವುದೇ ಕೆಲಸವನ್ನು ಅಳೆಯಲು ನಾನು ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಮಾಡುವವರಿಗೆ ಬೇಡ ಎನ್ನುವ ಹಕ್ಕಿದೆಯೇ? ಮಾಡಿಸುವವರು ಆ ಜಾಗದಲ್ಲಿ ತಾವೇ ಕೂರಲು ಸಿದ್ಧರಿದ್ದಾರೆಯೇ? ಎರಡಕ್ಕೂ ಹೌದು ಎನ್ನುವಂತಿದ್ದರೆ ಗ್ರೀಸಾಗಲಿ, ಕೆಸರಾಗಲಿ, ಕೈ ಕೊಳಕಾಗುವುದಿಲ್ಲ. ಯಾವುದಾದರೂ ಒಂದಕ್ಕೆ ಇಲ್ಲ ಎಂದು ಬಂದರೆ ಬಿಳಿ ಅಂಗಿ ತೊಟ್ಟ ಕೈಯೂ ಚೊಕ್ಕವಲ್ಲ.

ಇಂದು ದಿನದಲ್ಲಿ ಯಾರಿಂದಲಾದರೂ ಒಂದು ಕೆಲಸ ಮಾಡಿಸಿಕೊಳ್ಳುವಾಗ, ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿಕೊಳ್ಳೋಣ. ಸಿಕ್ಕ ಉತ್ತರವನ್ನು ಭಾನುವಾರದ ಸಭೆಗೆ ತನ್ನಿ.

ಭವತು ಸಬ್ಬ ಮಂಗಲಂ. ಜೈಭೀಮ್.